ನೀಲಾಂಜನೆಯ ನೃತ್ಯವೂ ಬೆಳ್ಳಿತೆರೆಯ ಬೆರಗೂ

"ಕಥೆ ಏನೂ ಇರಲಿಲ್ಲ, ಆದರೆ ನೋಡುವುದಕ್ಕೆ ಬಹಳ ಚೆನ್ನಾಗಿತ್ತು." ಚಲನಚಿತ್ರ ನೋಡಿ ಮನೆಗೆ ಬಂದವರ ಬಾಯಲ್ಲಿ ಈಚಿನ ವರ್ಷಗಳಲ್ಲಿ ಹೆಚ್ಚಾಗಿ ಕೇಳಿಬರುವ ಮಾತಿದು. ಕಡೂರು, ತರೀಕೆರೆ, ಅಜ್ಜಂಪುರಗಳ ನಮ್ಮ ಮನೆಗಳ ಜಗಲಿಯಲ್ಲಿಯೂ ಇದನ್ನೇ ಕೇಳುತ್ತೇವೆ. ಮಾತಿನ ಪೂರ್ವಾರ್ಧ ದೂರು, ಉತ್ತರಾರ್ಧ ಮನ್ನಣೆ. ಆಡಿದವರು ಹಿರಿಯರಾಗಿರಲಿ ಕಿರಿಯರಾಗಿರಲಿ, ದೂರಿಗಿಂತ ಮನ್ನಣೆಯೇ ಮೇಲಾಗಿ ಮರುವಾರ ಇನ್ನೊಂದು ಚಿತ್ರಕ್ಕೆ ಹೊರಟುನಿಲ್ಲುತ್ತಾರೆ. ಕಣ್ಣು ತಣಿದರೆ ಬುದ್ಧಿಗೂ ಹೃದಯಕ್ಕೂ ಆದ ನಷ್ಟ ತುಂಬಿಬರುತ್ತದೆಯೆ ಎಂಬುದು ವಿಚಾರಣೀಯ ವಿಷಯ. ಇದನ್ನು ಬರಿಯ ಮನರಂಜನೆಯ ಪ್ರಶ್ನೆಯೆಂದು ತಳ್ಳಿಹಾಕುವ ಹಾಗಿಲ್ಲ. ಏಕೆಂದರೆ ಇದೇ ಪ್ರಶ್ನೆ ಈಗ ನಮ್ಮ ಬಸದಿಗಳ ಅಂಗಳಕ್ಕೂ ಬಂದಿದೆ. ಅದನ್ನು ಮುಂದೆ ಹೇಳುತ್ತೇನೆ.

ಪಂಪಕವಿಯ ‘ಆದಿಪುರಾಣ’ವನ್ನು (ಕ್ರಿ.ಶ. 941) ಶ್ರಾವಕ ಕುಟುಂಬಗಳಿಗೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಅದರಲ್ಲಿ ಬರುವ ನೀಲಾಂಜನೆಯ ಪ್ರಸಂಗವನ್ನು ನಾವು ವೈರಾಗ್ಯದ ಪಾಠವೆಂದು ಕೇಳುತ್ತ ಬಂದಿದ್ದೇವೆ. ದೃಶ್ಯಕಲೆಯ ಮೀಮಾಂಸೆಯೆಂದೂ ಅದನ್ನು ಓದಲು ಸಾಧ್ಯವಿದೆ. ರಾಜ್ಯಭೋಗದಲ್ಲಿ ಮುಳುಗಿದ್ದ ಪುರುದೇವನಿಗೆ ಸಂಸಾರವನ್ನು ಬಿಡುವ ಕಾಲ ಬಂದಿತೆಂದರಿತ ಇಂದ್ರನು, ಆಯುಷ್ಯ ಮುಗಿಯುತ್ತ ಬಂದಿದ್ದ ನೀಲಾಂಜನೆಯನ್ನು ಆಸ್ಥಾನದಲ್ಲಿ ನರ್ತಿಸಲು ಕಳುಹಿಸುತ್ತಾನೆ. ಕುಣಿಯುತ್ತಿರುವಂತೆಯೇ ಅವಳ ಆಯುಷ್ಯ ತೀರಿ ದೇಹ ಮಾಯವಾಗುತ್ತದೆ. ರಸಭಂಗವಾಗಬಾರದೆಂದು ಇಂದ್ರನು ಆ ಕ್ಷಣದಲ್ಲಿಯೇ ಅವಳಂತೆಯೇ ಇರುವ ಮತ್ತೊಬ್ಬಳನ್ನು ನಿರ್ಮಿಸಿ ನಿಲ್ಲಿಸುತ್ತಾನೆ. ಅದೇ ರೂಪ, ಅದೇ ಹೆಜ್ಜೆ, ಅದೇ ತಾಳ. ಸಭೆಗೆ ಏನೊಂದೂ ತಿಳಿಯುವುದಿಲ್ಲ, ಆದಿದೇವನೊಬ್ಬನಿಗೆ ತಿಳಿಯುತ್ತದೆ.

ಇಂದಿನ ಮಾತಿನಲ್ಲಿ ಹೇಳುವುದಾದರೆ ಇಂದ್ರನು ಮಾಡಿದ್ದು ಗ್ರಾಫಿಕ್ಸ್ ಕೆಲಸವೇ ಸರಿ, ಅದೂ ಲೋಪವಿಲ್ಲದ ಗ್ರಾಫಿಕ್ಸ್. ಸಭಿಕರು ಕಂಡ ದೃಶ್ಯದಲ್ಲಿ ಎಳ್ಳಷ್ಟೂ ಕೊರತೆಯಿರಲಿಲ್ಲ. ಆದರೆ ಯಾವ ಜೀವ ಕುಣಿಯುತ್ತಿತ್ತೋ ಅದು ಅಲ್ಲಿ ಇರಲಿಲ್ಲ. ಇಲ್ಲಿ ಒಂದು ಸೂಕ್ಷ್ಮವನ್ನು ಮರೆಯಬಾರದು. ಪಂಪನು ಚೆಲುವಿನ ವಿರೋಧಿಯಲ್ಲ. ನೃತ್ಯವನ್ನು ಅವನು ಕೈಬಿಚ್ಚಿ, ಮನಸಾರೆ ವರ್ಣಿಸುತ್ತಾನೆ. ಆ ನೃತ್ಯ ಅಷ್ಟು ಸುಂದರವಾಗಿರದಿದ್ದರೆ ಅದು ಇಲ್ಲವಾದದ್ದರ ಆಳ ಓದುಗನಿಗೆ ಮುಟ್ಟುತ್ತಿರಲಿಲ್ಲ. ಆದುದರಿಂದ ದೃಶ್ಯವೈಭವವನ್ನೇ ದೋಷವೆಂದು ಕರೆಯುವವರ ಪಂಕ್ತಿಯಲ್ಲಿ ಕೂರಲು ನಾನು ಸಿದ್ಧನಿಲ್ಲ.

ಮೊದಲು ಒಂದು ಭೇದವನ್ನು ಮಾಡಿಕೊಳ್ಳೋಣ. ಸಣ್ಣ ಕಥೆ ಬೇರೆ, ದುರ್ಬಲ ಕಥೆ ಬೇರೆ. ಅಜ್ಜಂಪುರದ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತ ‘ಆನಂದ’ ಅವರ (ಅಜ್ಜಂಪುರ ಸೀತಾರಾಂ) ‘ನಾನು ಕೊಂದ ಹುಡುಗಿ’ ಎಷ್ಟು ಸಣ್ಣ ಕಥೆ! ಊರಿಗೆ ಬಂದ ವಿದ್ಯಾವಂತ ಅತಿಥಿಯೊಬ್ಬ, ದೇವರ ಹೆಸರಿನಲ್ಲಿ ಬಿಡಲ್ಪಟ್ಟ ಹುಡುಗಿಗೆ ಅವಳ ಬಾಳು ತಪ್ಪೆಂದು ಸದುದ್ದೇಶದಿಂದಲೇ ತಿಳಿಹೇಳುತ್ತಾನೆ. ಆ ತಿಳಿವನ್ನು ತಾಳಲಾರದೆ ಅವಳು ಪ್ರಾಣ ಬಿಡುತ್ತಾಳೆ. ಇಷ್ಟೆ. ಆದರೆ ಆಡಿದ ಒಂದು ಮಾತಿಗೆ ಒಂದು ಫಲವಿದೆ, ಆ ಫಲದಿಂದ ಆಡಿದವನಿಗೆ ಬಿಡುಗಡೆಯಿಲ್ಲ. ಕರ್ಮಸಿದ್ಧಾಂತವನ್ನು ಬಾಲ್ಯದಿಂದ ಕೇಳಿಕೊಂಡು ಬಂದ ನಮಗೆ ಕಥೆಯ ಬಲವನ್ನು ಅಳೆಯುವುದಕ್ಕೆ ಬೇರೆ ಮಾನದಂಡ ಬೇಕಿಲ್ಲ. ಮಾಡಿದ್ದಕ್ಕೆ ಫಲವುಂಟೆ? ಉಂಟಾದರೆ ಕಥೆ ಎಷ್ಟೇ ಸಣ್ಣದಾದರೂ ಗಟ್ಟಿ. ಹತ್ತು ಊರು, ನೂರು ಹೆಣ, ಮೂರು ತಲೆಮಾರಿನ ಹಗೆ ಇದ್ದರೂ ಯಾವುದಕ್ಕೂ ಯಾರೂ ಉತ್ತರ ಕೊಡಬೇಕಿಲ್ಲವಾದರೆ ಕಥೆ ದುರ್ಬಲ.

ಸಣ್ಣ ಕಥೆಗೆ ದೃಶ್ಯ ಹೆಗಲು ಕೊಡಬಲ್ಲುದು. 2006ರ ಕೊನೆಯಲ್ಲಿ ತೆರೆಕಂಡ ಯೋಗರಾಜ ಭಟ್ಟರ ‘ಮುಂಗಾರು ಮಳೆ’ ಇದಕ್ಕೆ ಒಳ್ಳೆಯ ನಿದರ್ಶನ. ಅದರ ಕಥೆಯನ್ನು ಅಂಚೆಕಾರ್ಡಿನಲ್ಲಿ ಬರೆದು ಜಾಗ ಉಳಿಸಬಹುದು. ಮದುವೆ ಗೊತ್ತಾದ ಹುಡುಗಿಯನ್ನು ಒಬ್ಬ ಹುಡುಗ ಪ್ರೀತಿಸುತ್ತಾನೆ. ಅವಳನ್ನು ಪಡೆಯಬಹುದಾದ ಗಳಿಗೆಯಲ್ಲಿ ಬಿಟ್ಟುಕೊಡುತ್ತಾನೆ. ಉಳಿದುದೆಲ್ಲ ಮಳೆ, ಕಾಡು, ಜೋಗದ ನೀರು, ಎಸ್. ಕೃಷ್ಣ ಅವರ ಕ್ಯಾಮೆರಾ. ವರ್ಷದ ಬಹುಪಾಲು ಮೋಡ ನೋಡುತ್ತ ಕಳೆಯುವ ಕಡೂರಿನ ಬಯಲಿನವರಿಗೆ ಎರಡೂವರೆ ಗಂಟೆಯ ಆ ಮಳೆ ಕಣ್ಣಿಗೆ ಮಾತ್ರ ಬಿದ್ದಿತೆಂದು ಹೇಳಲಾರೆ. ಆದರೆ ಆ ಮಳೆಯನ್ನು ಜನ ಇಂದಿಗೂ ನೆನೆಯುವುದು ಕಡೆಯಲ್ಲಿ ಬರುವ ತ್ಯಾಗದಿಂದ. ಹುಡುಗ ಹುಡುಗಿಯನ್ನು ಗೆದ್ದುಕೊಂಡು ಹೋಗಿದ್ದರೆ ಅದೇ ಮಳೆ ಹಾಡಿನ ಹಿನ್ನೆಲೆಯಾಗಿ ಮುಗಿಯುತ್ತಿತ್ತು.

ದೃಶ್ಯ ಮತ್ತು ಕಥೆಯ ಸಂಬಂಧವನ್ನು ಕಲ್ಲಿನಲ್ಲಿ ಕಾಣಬೇಕಾದವರು ತರೀಕೆರೆ ಸಮೀಪದ ಅಮೃತಾಪುರಕ್ಕೆ ಹೋಗಬೇಕು. ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕ ಕಟ್ಟಿಸಿದ ಶಿವಾಲಯವದು. ಅಲ್ಲಿಯ ಶಾಸನಕಾವ್ಯ ನಮ್ಮ ಜನ್ನನದು ಎಂಬುದು ಜೈನರೆಲ್ಲರೂ ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ. ಒಳಗೆ ಕಾಲಿಟ್ಟೊಡನೆ ಕನ್ನಡಿಯಂತೆ ಹೊಳೆಯುವ ಕಡೆದ ಕಂಬಗಳು, ಒಂದರ ಪಕ್ಕ ಒಂದು ತೆರೆದುಕೊಳ್ಳುವ ಭುವನೇಶ್ವರಿಗಳು ಕಣ್ಣನ್ನು ಸೆರೆಹಿಡಿಯುತ್ತವೆ. ಅದು ಅಪ್ಪಟ ವೈಭವ, ಕಥೆಯ ಹಂಗಿಲ್ಲದ್ದು. ಆದರೆ ಕಟ್ಟಿದವರು ಅಷ್ಟಕ್ಕೆ ನಿಲ್ಲಲಿಲ್ಲ. ತೆರೆದ ಮಂಟಪದ ಹೊರಗೋಡೆಯ ಮೇಲೆ 140 ಫಲಕಗಳಲ್ಲಿ ಕಥೆ ಹೇಳಿದ್ದಾರೆ. ಉತ್ತರದ ಗೋಡೆಯಲ್ಲಿ 25 ಫಲಕ ಕೃಷ್ಣಕಥೆಗೆ, 45 ಭಾರತಕ್ಕೆ. ದಕ್ಷಿಣದ ಗೋಡೆಯ 70 ಫಲಕಗಳೂ ರಾಮಾಯಣಕ್ಕೆ. ವಿಶೇಷವೆಂದರೆ ಆ ರಾಮಾಯಣ ಪ್ರದಕ್ಷಿಣೆಯ ದಿಕ್ಕಿಗೆ ಎದುರಾಗಿ ಸಾಗುತ್ತದೆ. ರೂಢಿಯಂತೆ ಬಲಕ್ಕೆ ಸುತ್ತುತ್ತ ಬಂದವನಿಗೆ ಮೊದಲು ಸಿಕ್ಕುವುದು ಕಥೆಯ ತುದಿ. ಬುಡ ಬೇಕಾದರೆ ಅವನು ತಿರುಗಿ ನಡೆಯಬೇಕು. ಕಾರಣವೇನೋ ವಿದ್ವಾಂಸರು ಹೇಳಲಿ. ನನಗೆ ಮುಖ್ಯವೆನಿಸುವುದು ಇಷ್ಟು: ಅಲ್ಲಿ ಕ್ರಮವೆಂಬುದೊಂದಿದೆ, ನೋಡುವವನು ಅದಕ್ಕೆ ತಲೆಬಾಗಿ ಹೆಜ್ಜೆ ತಿರುಗಿಸಬೇಕಾಗುತ್ತದೆ. ಎರಡು ಫಲಕಗಳ ಸ್ಥಾನ ಅದಲುಬದಲಾದರೆ ಸೀತೆ ಅಪಹರಣಕ್ಕೆ ಮೊದಲೇ ಅಶೋಕವನದಲ್ಲಿ ಕುಳಿತುಬಿಡುತ್ತಾಳೆ. ಚಲನಚಿತ್ರವನ್ನೂ ಹೀಗೆ ಪರೀಕ್ಷಿಸಿ ನೋಡಬಹುದು. ಅದರ ಎರಡು ಹೊಡೆದಾಟಗಳನ್ನು ಮನಸ್ಸಿನಲ್ಲಿಯೇ ಅದಲುಬದಲು ಮಾಡಿ ನೋಡಿರಿ. ಏನೂ ಕೆಡಲಿಲ್ಲವಾದರೆ ಅಲ್ಲಿ ಕಂಬಗಳ ಹೊಳಪುಂಟು, ಫಲಕಗಳಿಲ್ಲ.

ಈ ಪರೀಕ್ಷೆಯಲ್ಲಿ ಗೆಲ್ಲುವ ಎರಡು ಹಳೆಯ ಚಿತ್ರಗಳು ನಮ್ಮ ಜಿಲ್ಲೆಯ ನೆಲದಲ್ಲಿಯೇ ತಯಾರಾದವು. ಮೊದಲನೆಯದು ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ (1970). ಶೃಂಗೇರಿ ಬಳಿಯ ವೈಕುಂಠಪುರದಲ್ಲಿ, ಆಸ್ಟ್ರೇಲಿಯಾದ ಟಾಮ್ ಕೋವನ್ ಅವರ ಛಾಯಾಗ್ರಹಣದಲ್ಲಿ, ಕಪ್ಪುಬಿಳುಪಿನಲ್ಲಿ ತೆಗೆದದ್ದು. ಎರಡನೆಯದು ಸಿದ್ದಲಿಂಗಯ್ಯನವರ ‘ಭೂತಯ್ಯನ ಮಗ ಅಯ್ಯು’ (1974), ಗೊರೂರರ ಕಥೆಯನ್ನಾಧರಿಸಿ ಚಿಕ್ಕಮಗಳೂರು ಸೀಮೆಯ ಕಳಸಾಪುರದಲ್ಲಿ ಚಿತ್ರಿತವಾದದ್ದು. ಒಂದು ಪ್ರಯೋಗದ ಚಿತ್ರ, ಇನ್ನೊಂದು ಜನಪ್ರಿಯ ಚಿತ್ರ. ಆದರೂ ಎರಡರ ನಡುವೆ ಒಂದು ಹೋಲಿಕೆ ನನ್ನನ್ನು ಬಹುಕಾಲದಿಂದ ಕಾಡಿದೆ. ಎರಡರಲ್ಲಿಯೂ ಊರಿನವರು ಹೊರಲೊಲ್ಲದ ಹೆಣವೊಂದಿದೆ. ನಾರಣಪ್ಪನ ಹೆಣ ಅಗ್ರಹಾರದಲ್ಲಿ ಕೊಳೆಯುತ್ತಿರುವಾಗ ಶಾಸ್ತ್ರಚರ್ಚೆ ನಡೆಯುತ್ತದೆ, ಹಸಿದವರು ಉಣ್ಣುವಂತಿಲ್ಲ, ಹದ್ದುಗಳು ಮಾಡಿನ ಮೇಲೆ ಬಂದಿಳಿಯುತ್ತವೆ. ಬಡ್ಡಿಯಿಂದ ಊರನ್ನು ಹಿಂಡಿದ ಭೂತಯ್ಯ ಸತ್ತಾಗ ಹೆಗಲು ಕೊಡಲು ಜನ ಬರುವುದಿಲ್ಲ. ತನ್ನ ಗತಿಯೂ ಹೀಗೆಯೇ ಆದೀತೆಂಬ ಭಯ ಮಗನ ಕಣ್ಣಿಗೆ ಆಗಲೇ ಬರುತ್ತದೆ. ಇವು ಮಾತಿನಲ್ಲಿ ಹೇಳಿ ಮುಗಿಸಬಹುದಾದ ಸಂಗತಿಗಳಲ್ಲ, ಕಣ್ಣಿನಿಂದಲೇ ಕಾಣಬೇಕಾದುವು. ಬದುಕಿದ ರೀತಿಯ ಫಲ ಎಂಬುದು ಅಲ್ಲಿ ಚಿತ್ರವಾಗಿ ಬಿದ್ದಿದೆ. ಸಿದ್ದಲಿಂಗಯ್ಯನವರ ಚಿತ್ರದ ಕೊನೆಯಲ್ಲಿ ಬರುವ ಪ್ರವಾಹವನ್ನು ನೆನೆದು ಹಿರಿಯರು ಇಂದಿಗೂ ಬೆರಗಾಗುತ್ತಾರೆ. ಆ ನೀರು ಬರುವ ಹೊತ್ತಿಗೆ ಹಗೆ, ವ್ಯಾಜ್ಯ, ಹಠಗಳಿಂದ ಎರಡು ಮನೆಗಳು ಬರಿದಾಗಿರುವುದನ್ನು ನಾವು ಕಂಡಿರುತ್ತೇವೆ. ಬೆರಗಿಗೆ ತೂಕ ಬಂದದ್ದು ಆ ದಾರಿಯಿಂದ.

ಇನ್ನು ನಮ್ಮ ಕಾಲದ ದೊಡ್ಡ ಚಿತ್ರಗಳಿಗೆ ಬರೋಣ. ಪ್ರಶಾಂತ್ ನೀಲ್ ಅವರ ‘ಕೆಜಿಎಫ್’ನ ಮೊದಲ ಅಧ್ಯಾಯ 2018ರ ಡಿಸೆಂಬರಿನಲ್ಲಿ ಬಂದಿತು, ಸಾಹಸಕ್ಕೂ ಗ್ರಾಫಿಕ್ಸಿಗೂ ರಾಷ್ಟ್ರಪ್ರಶಸ್ತಿ ಪಡೆಯಿತು. ಭುವನ್ ಗೌಡ ಅವರ ಛಾಯಾಗ್ರಹಣ ಧೂಳಿಗೂ ಕತ್ತಲಿಗೂ ಕೊಟ್ಟ ಘನತೆಯನ್ನು ಕನ್ನಡದಲ್ಲಿ ಅದಕ್ಕೆ ಮೊದಲು ಕಂಡವರು ವಿರಳ. ಮುಂಬಯಿಯಲ್ಲಿ ನಡೆಯುವ ಮೊದಲ ಭಾಗದ ಹೊಡೆದಾಟಗಳನ್ನು ಹೇಗೆ ಜೋಡಿಸಿದರೂ ನಷ್ಟವಿಲ್ಲ. ನಾಯಕ ಗಣಿಯೊಳಗೆ ಇಳಿದ ಮೇಲೆ ಕಥೆಗೆ ಕ್ರಮ ಬರುತ್ತದೆ, ಒಂದು ಹೆಜ್ಜೆ ಇನ್ನೊಂದನ್ನು ಬೇಡುತ್ತದೆ. ಆ ಭಾಗವನ್ನು ಮೆಚ್ಚಲೇಬೇಕು. ಆದರೆ ಅಲ್ಲಿ ಜೀತ ಮಾಡುವ ಸಹಸ್ರಾರು ಮಂದಿಯಲ್ಲಿ ಒಬ್ಬಿಬ್ಬರನ್ನು ಬಿಟ್ಟರೆ ಯಾರಿಗೂ ಮುಖವಿಲ್ಲ, ಹೆಸರಿಲ್ಲ. ಅವರ ನೋವು ನಾಯಕನ ಎತ್ತರವನ್ನು ಅಳೆಯುವ ಕೋಲಾಗಿ ನಿಂತಿದೆ. ಅಲ್ಲಲ್ಲಿ ಒಬ್ಬ ನಿರೂಪಕ ಬಂದು ನಾಯಕನ ಮಹಿಮೆಯನ್ನು ಹೊಗಳುತ್ತಾನೆ. ಕಥೆ ತಾನಾಗಿ ಹೇಳಬೇಕಾದುದನ್ನು ಹೊಗಳುಭಟ್ಟನಿಂದ ಹೇಳಿಸುವುದು ಬಡತನದ ಲಕ್ಷಣ.

2022ರ ಎರಡನೆಯ ಅಧ್ಯಾಯದ ಕೊನೆ ಇನ್ನೂ ವಿಚಿತ್ರ. ತಾಯಿಗೆ ಕೊಟ್ಟ ಮಾತಿಗಾಗಿ ಜೀವಮಾನವೆಲ್ಲ ಚಿನ್ನವನ್ನು ಗುಡ್ಡೆಹಾಕಿದವನು ಆ ಚಿನ್ನದೊಡನೆಯೇ ಸಮುದ್ರದಲ್ಲಿ ಮುಳುಗುತ್ತಾನೆ. ಪರಿಗ್ರಹದ ಗತಿಯನ್ನು ಇದಕ್ಕಿಂತ ನೇರವಾಗಿ ತೋರಿಸುವ ದೃಶ್ಯವನ್ನು ನಮ್ಮ ಪುರಾಣಕಾರರೂ ಬಯಸಿಯಾರು! ಚಿತ್ರ ತಿಳಿದೋ ತಿಳಿಯದೆಯೋ ಒಂದು ಗಟ್ಟಿ ಕಥೆಯ ಮೇಲೆ ಬಂದು ನಿಂತಿತ್ತು. ಆದರೆ ಹಿನ್ನೆಲೆ ಸಂಗೀತ, ಬೆಳಕು, ನಿಧಾನಗತಿಯ ಚಲನೆ ಎಲ್ಲವೂ ಸೇರಿ ಅದನ್ನು ವಿಜಯವೆಂದು ಸಾರುತ್ತವೆ. ಮುಳುಗುವವನನ್ನು ಪಟ್ಟಾಭಿಷೇಕದಂತೆ ಚಿತ್ರಿಸಿದರೆ ನೋಡುವ ಹುಡುಗ ಕಲಿಯುವುದೇನು? ದೃಶ್ಯ ಕಥೆಯ ದೌರ್ಬಲ್ಯವನ್ನು ತುಂಬಿಕೊಡುತ್ತದೆಯೆ ಎಂದು ಕೇಳುತ್ತೇವಲ್ಲ, ಇಲ್ಲಿ ದೃಶ್ಯವೇ ಕಥೆಯ ಬಲವನ್ನು ನುಂಗಿಹಾಕಿದೆ.

ಅನೂಪ್ ಭಂಡಾರಿಯವರ ‘ವಿಕ್ರಾಂತ್ ರೋಣ’ದ (2022) ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮೂರು ಆಯಾಮದ ಆ ಕಾಡು ಬಹುಮಟ್ಟಿಗೆ ಸೆಟ್ಟು. ಆದರೂ ಮಲೆನಾಡಿನವರೇ ನಂಬುವಷ್ಟು ಸೊಗಸು. ಮಕ್ಕಳ ಸಾವಿನಂಥ ಭಾರವಾದ ವಿಷಯವನ್ನು ಎತ್ತಿಕೊಂಡು, ಅದರ ಹಿಂದಿನ ಅನ್ಯಾಯವನ್ನು ಕೊನೆಯಲ್ಲಿ ಅವಸರದಿಂದ ಹೇಳಿ ಮುಗಿಸಲಾಗಿದೆ. ಒಗಟು ಬಿಡಿಸಿತು, ದುಃಖ ಮುಟ್ಟಲಿಲ್ಲ.

ರಿಷಬ್ ಶೆಟ್ಟಿಯವರ ‘ಕಾಂತಾರ’ದ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಹೆಚ್ಚು ಪ್ರಯೋಜನಕರ. 2022ರ ಮೊದಲ ಚಿತ್ರದಲ್ಲಿ ನಾಯಕ ಶಿವ ದೈವದ ಸೇವೆಯಿಂದ ತಪ್ಪಿಸಿಕೊಂಡು ತಿರುಗುವವನು, ಕನಸಿನಲ್ಲಿ ದೈವವನ್ನು ಕಂಡು ಬೆಚ್ಚುವವನು. ಯಾವುದರಿಂದ ಓಡುತ್ತಿದ್ದನೋ ಅದೇ ಕೊನೆಯಲ್ಲಿ ಅವನ ಮೈಮೇಲೆ ಬರುತ್ತದೆ. ಅರವಿಂದ್ ಕಶ್ಯಪ್ ಅವರ ಕ್ಯಾಮೆರಾದ ಬೆಂಕಿ, ಬಣ್ಣ, ಕೂಗು ಅಷ್ಟು ಆಳಕ್ಕೆ ಇಳಿಯುವುದು ಎರಡು ಗಂಟೆಯ ಕಾಲ ತಡೆಹಿಡಿದಿದ್ದ ಭಯ ಅಲ್ಲಿ ಒಡೆಯುವುದರಿಂದ. ಕಥೆಯ ನಡುವಿನ ಹಾಸ್ಯ, ಪ್ರೇಮಪ್ರಸಂಗಗಳು ಸಾಧಾರಣ, ಕೆಲವೆಡೆ ಅಸಹ್ಯವೂ ಹೌದು. ಆದರೂ ಕಥೆಯ ಬೆನ್ನೆಲುಬು ನೆಟ್ಟಗಿದೆ. 2025ರ ಅಕ್ಟೋಬರಿನಲ್ಲಿ ಬಂದ ‘ಕಾಂತಾರ ಅಧ್ಯಾಯ 1’ ಅದಕ್ಕಿಂತ ಬಹಳ ದೊಡ್ಡ ಚಿತ್ರ. ಅರಮನೆ, ಕಾಡು, ಯುದ್ಧ ಎಲ್ಲವೂ ಹಿರಿದು. ಆದರೆ ಅದ್ಭುತ ಮತ್ತೆ ಮತ್ತೆ ಒದಗಿ ಬರುತ್ತದೆ. ಒಮ್ಮೆ ಬಂದರೆ ಮೈನವಿರೇಳಿಸುವುದು ಕರೆದಾಗಲೆಲ್ಲ ಬಂದರೆ ನಾಯಕನ ಕೈಯ ಆಯುಧವಾಗುತ್ತದೆ, ಅವನಿಗೆ ಸೋಲಿನ ಭಯವೇ ಉಳಿಯುವುದಿಲ್ಲ. ಮೊದಲನೆಯದಕ್ಕಿಂತ ಹೆಚ್ಚು ನೋಡಿದೆನೆಂಬ ತೃಪ್ತಿ ನನಗಾಯಿತು. ಹೆಚ್ಚು ಕಂಡೆನೆಂದು ಅನಿಸಲಿಲ್ಲ.

ಚಲನಚಿತ್ರ ದೃಶ್ಯಮಾಧ್ಯಮ, ಅದರಲ್ಲಿ ಕಥೆಯನ್ನು ಹುಡುಕುವುದು ಸಾಹಿತ್ಯದವರ ಹಟ ಎಂದು ಯುವಕರು ವಾದಿಸುತ್ತಾರೆ. ಅರ್ಧ ನಿಜ, ಒಪ್ಪತಕ್ಕದ್ದೇ. ‘ಸಂಸ್ಕಾರ’ದ ಹದ್ದುಗಳು ಕಾದಂಬರಿಯ ಹದ್ದುಗಳಿಗಿಂತ ಬೇರೆಯಾಗಿಯೇ ಮಾತಾಡುತ್ತವೆ. ಆದರೆ ಆ ಯುವಕರೇ ಈಗ ಚಿತ್ರಗಳನ್ನು ಎಲ್ಲಿ ನೋಡುತ್ತಾರೆ? ಕಡೂರಿನಿಂದ ಬೆಂಗಳೂರಿಗೆ ಹೋಗುವ ರೈಲಿನಲ್ಲಿ, ಅಂಗೈಯಗಲದ ಮೊಬೈಲಿನಲ್ಲಿ. ಆ ಕಿಂಡಿಯಲ್ಲಿ ಗಣಿಯ ಕತ್ತಲೆ ಬರಿಯ ಕಪ್ಪು ಚೌಕ. ಯುದ್ಧದ ಸೈನ್ಯ ಇರುವೆಸಾಲು. ಕಳಸಾಪುರದ ಆ ಹೆಣ ಮಾತ್ರ ಅಂಗೈಯಲ್ಲಿಯೂ ಅಷ್ಟೇ ಭಾರ. ಗ್ರಾಫಿಕ್ಸಿಗೆ ಇನ್ನೊಂದು ಶಾಪವೂ ಉಂಟು: ಹತ್ತು ವರ್ಷ ಕಳೆದರೆ ಮಕ್ಕಳು ಅದನ್ನು ನೋಡಿ ನಗುತ್ತಾರೆ.

ಇಲ್ಲಿಯವರೆಗೆ ಕಲೆಯ ಲಾಭನಷ್ಟದ ಮಾತಾಯಿತು. ಶ್ರಾವಕರಾದ ನಮಗೆ ಇನ್ನೊಂದು ಲೆಕ್ಕವಿದೆ. ಅಮೃತಾಪುರದ ಶಾಸನ ಬರೆದ ಅದೇ ಜನ್ನ 1209ರಲ್ಲಿ ‘ಯಶೋಧರ ಚರಿತೆ’ಯನ್ನು ರಚಿಸಿದ. ಜೀವವಧೆಗೆ ಒಪ್ಪದ ಯಶೋಧರ, ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಹುಂಜವನ್ನು ಬಲಿಕೊಡುತ್ತಾನೆ. ರಕ್ತವಿಲ್ಲ, ಜೀವವಿಲ್ಲ; ಆದರೆ ಕತ್ತಿ ಬಿದ್ದಾಗ ಹುಂಜ ಕೂಗುತ್ತದೆ. ಆ ಸಂಕಲ್ಪಹಿಂಸೆಗಾಗಿ ತಾಯಿಮಗ ಇಬ್ಬರೂ ತಿರ್ಯಗ್ಜನ್ಮಗಳನ್ನು ಸುತ್ತಿ ಬರಬೇಕಾಯಿತು. ತೆರೆಯ ಮೇಲೆ ಉರುಳುವ ತಲೆಗಳೂ ಹಿಟ್ಟಿನ ಹುಂಜಗಳೇ. ಚಿತ್ರೀಕರಣದಲ್ಲಿ ಯಾರೂ ಸತ್ತಿಲ್ಲವೆಂಬುದು ಸತ್ಯ. ಆದರೆ ಕೃತ, ಕಾರಿತ, ಅನುಮೋದಿತ ಎಂದು ತತ್ತ್ವಾರ್ಥಸೂತ್ರ ಮೂರನ್ನೂ ಎಣಿಸುತ್ತದೆ. ಹಿಂಸೆಗೆ ಫಲವನ್ನು ತೋರಿಸುವ ಚಿತ್ರ ನೋಡುಗನಿಗೆ ವಿವೇಚಿಸಲು ಎಡೆ ಕೊಡುತ್ತದೆ. ಫಲವನ್ನು ಅಳಿಸಿಹಾಕಿ ಹಿಂಸೆಯನ್ನಷ್ಟೇ ಸುಂದರಗೊಳಿಸುವ ಚಿತ್ರ ಅವನಿಂದ ಬಯಸುವುದು ಚಪ್ಪಾಳೆಯನ್ನು, ಅಂದರೆ ಅನುಮೋದನೆಯನ್ನು. ಕಥೆಯ ದೌರ್ಬಲ್ಯ ನೀತಿಯ ವಿಷಯವಾಗುವುದು ಇಲ್ಲಿ. ಪ್ರಾಸಂಗಿಕವಾಗಿ ಒಂದು ಮಾತು: 2015 ಮತ್ತು 2017ರಲ್ಲಿ ಬಂದ ತೆಲುಗಿನ ‘ಬಾಹುಬಲಿ’ ಚಿತ್ರಗಳನ್ನು ನಮ್ಮ ಮಕ್ಕಳೆಲ್ಲರೂ ನೋಡಿದ್ದಾರೆ. ಅಲ್ಲಿಯ ಬಾಹುಬಲಿ ಗೆದ್ದು ಸಿಂಹಾಸನವೇರುತ್ತಾನೆ. ಗೆದ್ದೂ ರಾಜ್ಯವನ್ನು ಬಿಟ್ಟು ನಡೆದ ಬಾಹುಬಲಿಯ ಹೆಸರು ಕೇಳಿದಾಗ ಮಗುವಿಗೆ ಮೊದಲು ನೆನಪಾಗುವುದು ಯಾರು ಎಂಬುದನ್ನು ತಾಯಿತಂದೆಯರು ಒಮ್ಮೆ ವಿಚಾರಿಸಿ ನೋಡಲಿ.

ಕಡೂರಿನಲ್ಲಿ ಕ್ರಿ.ಶ. 971ರ ಶಾಸನವೊಂದು ದೊರೆತಿದೆ. ಗಂಗ ಬೂತುಗನ ಅಕ್ಕ ಪಾಂಬಬ್ಬೆ ಅರಮನೆಯನ್ನು ತೊರೆದು, ತಲೆಗೂದಲನ್ನು ಕಿತ್ತುಕೊಂಡು, 30 ವರ್ಷ ತಪಸ್ಸು ಮಾಡಿ ಮುಡಿಪಿದಳೆಂದು ಅದು ಹೇಳುತ್ತದೆ. ಕೆಲವೇ ಸಾಲುಗಳು, ವರ್ಣನೆಯಿಲ್ಲ, ಅಲಂಕಾರವಿಲ್ಲ. ಆ ಮೂವತ್ತು ವರ್ಷಗಳನ್ನು ಓದುವವನು ತಾನೇ ಕಾಣಬೇಕು. ಪಾಂಬಬ್ಬೆಯ ಮೇಲೆ ಯಾರಾದರೂ ಚಿತ್ರ ತೆಗೆದರೆ ಅರಮನೆಯ ಸೆಟ್ಟಿಗೆ ಎಷ್ಟು ವೆಚ್ಚವಾದೀತು, ಆ ಮೂವತ್ತು ವರ್ಷಕ್ಕೆ ಎಷ್ಟು ನಿಮಿಷ ಉಳಿದೀತು ಎಂದು ಒಮ್ಮೊಮ್ಮೆ ಯೋಚಿಸುತ್ತೇನೆ.

ಈ ಯೋಚನೆ ಈಗ ಬಸದಿಗಳ ಟ್ರಸ್ಟುಗಳ ಮುಂದೆಯೂ ಇದೆ. ಧ್ವನಿಬೆಳಕಿನ ಪ್ರದರ್ಶನ, ಕಿರುಚಿತ್ರ, ದೊಡ್ಡ ಪರದೆ ಎಂದು ಯೋಜನೆಗಳನ್ನು ಹಿಡಿದು ಬರುವವರು ಕಡಿಮೆಯಿಲ್ಲ. ಬಂದವರು ಮಾದರಿಯ ದೃಶ್ಯಗಳನ್ನು ತೋರಿಸುತ್ತಾರೆ. ಸಮಿತಿ ಬೆರಗಾಗಿ ಒಪ್ಪುತ್ತದೆ. ಮೊದಲು ಬರೆದ ಕಥೆಯನ್ನು ಕೊಡಿರೆಂದು ಕೇಳಿ, ಅದನ್ನು ಓದಿ, ಅನಂತರ ದೃಶ್ಯಗಳನ್ನು ನೋಡುವ ಪದ್ಧತಿಯನ್ನು ಇಟ್ಟುಕೊಳ್ಳುವುದು ಕಷ್ಟದ ಕೆಲಸವಲ್ಲ. ಹಣ ಶ್ರಾವಕರದು.

ಪಂಚಕಲ್ಯಾಣ ಮಹೋತ್ಸವಗಳಲ್ಲಿ ದೀಕ್ಷಾಕಲ್ಯಾಣದಂದು ನೀಲಾಂಜನೆಯ ನೃತ್ಯವನ್ನು ಆಡಿಸುವ ರೂಢಿಯಿದೆ. ಈಚೆಗೆ ನಾನು ಕಂಡ ಒಂದು ಉತ್ಸವದಲ್ಲಿ ಬಣ್ಣದ ದೀಪಗಳಿದ್ದುವು, ಹೊಗೆಯ ಯಂತ್ರವಿತ್ತು, ಹಿಂದೆ ದೇವಲೋಕವನ್ನು ತೋರಿಸುವ ಬೃಹತ್ ಪರದೆಯಿತ್ತು. ನರ್ತಕಿ ಸೊಗಸಾಗಿಯೇ ಕುಣಿದಳು. ನೀಲಾಂಜನೆ ಮಾಯವಾದ ಸಂಗತಿಯನ್ನು ನಿರೂಪಕರು ಧ್ವನಿವರ್ಧಕದಲ್ಲಿ ತಿಳಿಸಿದರು; ಚಪ್ಪಾಳೆಯ ನಡುವೆ ಅದು ಹಲವರಿಗೆ ಕೇಳಿಸಲೂ ಇಲ್ಲ, ಮೊಬೈಲು ಎತ್ತಿಹಿಡಿದವರು ಹಿಡಿದೇ ಇದ್ದರು. ಇಂದ್ರನ ಸಭೆಯವರಂತೆಯೇ ನಾವೂ ಏನನ್ನೂ ಕಾಣದೆ ಎದ್ದು ಬಂದೆವು. ಆ ಕ್ಷಣವನ್ನು ಕಾಣಿಸಲು ಹೊಗೆಯ ಯಂತ್ರ ಬೇಕಿಲ್ಲ. ಒಂದೇ ಎತ್ತರದ, ಒಂದೇ ಉಡುಗೆಯ ಇಬ್ಬರು ನರ್ತಕಿಯರು ಬೇಕು. ತಾಳ ತಪ್ಪದಂತೆ ಒಬ್ಬಳು ಸರಿದು ಇನ್ನೊಬ್ಬಳು ಬರುವಷ್ಟು ಅಭ್ಯಾಸ ಬೇಕು. ಆ ಬದಲಾವಣೆಯನ್ನು ಕಂಡು ತಟ್ಟನೆ ಮುಖವೆತ್ತುವ ಆದಿದೇವನ ಪಾತ್ರಧಾರಿಯೊಬ್ಬ ಬೇಕು. ಮುಂದಿನ ಪಂಚಕಲ್ಯಾಣಕ್ಕೆ ಸಿದ್ಧತೆ ನಡೆಸುವ ಸಮಿತಿಯವರು ದೀಪದವನಿಗೆ ಮುಂಗಡ ಕೊಡುವ ಮೊದಲು ಆ ಎರಡನೆಯ ಹುಡುಗಿಯನ್ನು ಗೊತ್ತುಮಾಡಿಕೊಳ್ಳಲಿ.